ಎಟಿವಿ ರೈಡ್: ಟ್ರ್ಯಾಕಿಗೆ ನಾಕು ಸ್ಟಾರ್, ಹೇಳಿಕೊಡೂದಕ್ಕ ಒಂದೂವರೆ

ಹುಬ್ಬಳ್ಳಿ ಸುತ್ತ ಈಗ ಫಾರ್ಮ್ ಸ್ಟೇ, ಅಡ್ವೆಂಚರ್ ಪಾರ್ಕ್ ಅಂತ ಭಾಳ ಆಗ್ಯಾವ, ಅದ್ರಾಗ ಒಂದ್ಕಡೆ ನಾನು, ಅಕ್ಕ, ಭಾವ, ಅವರ ಹುಡುಗ್ರು ಹೋಗಿ ಎಟಿವಿ, ಅಂದ್ರ ಮಣ್ಣಿನ ಹಾದ್ಯಾಗ ಓಡಿಸೂ ದಪ್ಪ ಟೈರಿನ ನಾಕು ಗಾಲಿ ಗಾಡಿ, ಓಡಿಸಿ ಬಂದ್ವಿ. ಜಾಗದ ಹೆಸರು ಹಾಕಂಗಿಲ್ಲ, ಯಾಕಂದ್ರ ತಕರಾರು ಅವರೊಬ್ಬರದ ಇರಲಿಕ್ಕಿಲ್ಲ, ನೀವು ಎಲ್ಲಿಗೆ ಹೋದ್ರೂ ಇವನ್ನ ನೋಡೇ ರೊಕ್ಕಾ ಕೊಡ್ರಿ.

ಟ್ರ್ಯಾಕ್ ಮಾತ್ರ ಮಸ್ತ್ ಮಾಡ್ಯಾರ. ಕೆಂಪು ಮಣ್ಣು, ಒಂದು ಏರು, ಅಗಲ ತಿರುವು, ಅಂಚಿಗೆಲ್ಲಾ ಹಳೇ ಟೈರ್ ಹುಗದಾರ, ಒನ್ ವೇ ಇರೂದ್ರಿಂದ ಎದುರಿಂದ ಯಾರೂ ಬರಂಗಿಲ್ಲ. ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲದಾಗ ಇದನ್ನ ಮಾಡಿದ್ರ ಒಂದ ಮಳಿಗೆ ಗಾಲಿ ತುಂಬ ಮಣ್ಣು ಮೆತ್ತಿ ಗಾಡಿ ಅಲ್ಲೇ ಕುಂದ್ರತಿತ್ತು ಬಿಡ್ರಿ.

ಆದ್ರ ಹೇಳಿಕೊಡೂದು? ಗಾಡಿ ಕೊಡೂ ಹುಡುಗ "ಇದು ರೇಸ್, ಇದು ಬ್ರೇಕ್, ಗೇರಿಲ್ಲ, ಸ್ಕೂಟಿ ಇದ್ದಂಗ ಸರ್" ಅಂದ, ಮುಗೀತು. ಸ್ಕೂಟಿ ಇದ್ದಂಗ ಒಟ್ಟ ಇಲ್ರಿ ಇದು! ಇಂಥ ಸಾದಾ ಎಟಿವಿಗಳೊಳಗ ಬಹಳಷ್ಟಕ್ಕ ಹಿಂದಿನ ಎರಡೂ ಗಾಲಿ ಒಂದ ಅಚ್ಚಿಗೆ ಬಿಗದಿರ್ತಾವ, ಎರಡೂ ಗಾಲಿ ಬ್ಯಾರೆ ಬ್ಯಾರೆ ಸ್ಪೀಡಿನ್ಯಾಗ ಉರುಳಾಕ ಬಿಡೂ ಡಿಫರೆನ್ಷಿಯಲ್ ಕಾರಿಗಿದ್ದಂಗ ಇದಕ್ಕ ಇರಂಗಿಲ್ಲ. ತಿರುವಿನ್ಯಾಗ ಹೊರಗಿನ ಗಾಲಿ ಜಾಸ್ತಿ ಉರುಳಬೇಕು ಒಳಗಿಂದು ಕಮ್ಮಿ, ಆದ್ರ ಎರಡೂ ಸಮ ಉರುಳತಾವ, ಹಿಂಗಾಗಿ ನೀವು ಹ್ಯಾಂಡಲ್ ತಿರುವಿದ್ರೂ ಗಾಡಿ ಸೀದಾ ಹೋಗಾಕ ನೋಡತೈತಿ. ಮೈ ಒಳಗಿನ ಕಡೆ ವಾಲಿಸಿ, ಭಾರ ಹೊರಗಿನ ಕಾಲಿನ ಮ್ಯಾಲೆ ಹಾಕಿದ್ರ ಆವಾಗ ತಿರಗತೈತಿ. ಏರಿಗೆ ಮುಂದ ಬಾಗಬೇಕು, ಇಳಕಲಿಗೆ ಹಿಂದ ಸರಿಬೇಕು. ಎರಡು ನಿಮಿಷದ ಮಾತು, ಯಾರೂ ಹೇಳಲಿಲ್ಲ.

ಬೈಕ್ ಓಡ್ಸಾಕ ಬರತೈತಿ ಅನ್ನವರದ ಇನ್ನೂ ದೊಡ್ಡ ಫಜೀತಿ. ಬೈಕ್ ವಾಲಿದ ಕೂಡ್ಲೆ ಕಾಲು ನೆಲಕ್ಕ ಊರೂದು ನಮಗ ರೂಢಿ. ಎಟಿವಿ ಮ್ಯಾಲೆ ಹಂಗ ಊರಿದ್ರ ಹಿಂದಿನ ಗಾಲಿ ನಿಮ್ಮ ಕಾಲಿನ ಮ್ಯಾಲೇ ಹತ್ತತೈತಿ. ಭಾವ ಬುಲೆಟ್ ಸವಾರ, ಮೊದಲ ತಿರುವಿಗೇ ಕಾಲು ಹೊರಗ ಚಾಚಿದ್ರು, ನಾನು ಹಿಂದಿಂದ ಒದರಿದೆ, ಪುಣ್ಯಾಕ್ಕ ಸ್ಪೀಡ್ ಇರಲಿಲ್ಲ. ಆಮ್ಯಾಲೆ ರೇಸ್ ಇದಕ್ಕ ಹೆಬ್ಬೆರಳಿಂದ ಒತ್ತೂದು, ಗಾಬ್ರ್ಯಾಗಿ ಮುಷ್ಟಿ ಬಿಗಿ ಹಿಡದ್ರ ಬೆರಳು ಇನ್ನಷ್ಟು ಒತ್ತತೈತಿ. ಇದಕ್ಕಂತನ ಒಂದು ದಾರ ಇರತೈತಿ, ಒಂದು ತುದಿ ಗಾಡಿ ಸ್ವಿಚ್ಚಿಗೆ, ಇನ್ನೊಂದು ನಿಮ್ಮ ಕೈಗೆ, ಬಿದ್ರ ದಾರ ಕಿತ್ತು ಇಂಜಿನ್ ಬಂದ್. ಇಲ್ಲಿ ಆ ದಾರಾನ ಹ್ಯಾಂಡಲಿಗೇ ಸುತ್ತಿ ಇಟ್ಟಿದ್ರು! ಕೇಳಿದ್ರ "ಕಸ್ಟಮರ್ ಕಿರಿಕಿರಿ ಅಂತಾರ ಸರ್".

ಹುಡುಗ್ರ ವಿಷಯದಾಗ ಅಂತೂ ನಂಗ ಸಿಟ್ಟ ಬಂತು. ಒಬ್ಬರ ಸೀಟಿನ ಗಾಡಿ, ಅದ್ರ ಮ್ಯಾಲೆ "ಪಾಪು ನಿಮ್ಮ ಹಿಂದ ಕುಂದ್ರತಾನ ತಗೋರಿ" ಅಂತ ಅವರ ಹೇಳ್ತಾರ. ಓಡಿಸವ್ರು ಹಿಂದ ಮುಂದ ಸರದು ಬ್ಯಾಲೆನ್ಸ್ ಮಾಡೂದಕ್ಕಂತನ ಸೀಟು ಉದ್ದ ಇರೂದು, ಇನ್ನೊಬ್ರಿಗೆ ಕುಂದ್ರಾಕ ಅಲ್ಲ. ಅಮೇರಿಕಾದಾಗ ಗ್ರಾಹಕ ಸುರಕ್ಷತಾ ಆಯೋಗದವ್ರು 16 ವರ್ಷದೊಳಗಿನವ್ರಿಗೆ ದೊಡ್ಡವರ ಎಟಿವಿ ಕೊಡಲೇಬ್ಯಾಡ್ರಿ ಅಂತ ಹೇಳ್ತಾರ, ಇಲ್ಲಿ ಎತ್ತರ ನೋಡಿ ಕೊಡ್ತಾರ. ಅಕ್ಕ ಜಗಳಾ ಮಾಡಿದ ಮ್ಯಾಲೆ ಸಣ್ಣ ಗಾಡಿ ತಂದ್ರು, ಅದಕ್ಕ ರೇಸ್ ಪೂರ್ತಿ ಹೋಗದಂಗ ತಡಿಯೂ ಸ್ಕ್ರೂ ಇತ್ತು, ಹುಡುಗ್ರು ಅದ್ರಾಗ ಖುಷಿಯಿಂದ ಸುತ್ತಿದ್ರು. ಅಂದ್ರ ಗಾಡಿ ಅವರ ಕಡೆ ಇತ್ತು ನೋಡ್ರಿ, ಕೇಳಿದ್ರಷ್ಟ ಹೊರಗ ಬರತೈತಿ.

ಇನ್ನೊಂದು, ಗಾಡಿ ನಿಲ್ಲಸೂ ಶೆಡ್ಡಿಂದ ಟ್ರ್ಯಾಕಿಗೆ ಸ್ವಲ್ಪ ದೂರ ಡಾಂಬರ್ ರೋಡ್ ಮ್ಯಾಲೆ ನಮ್ಮ ಕಡೆನ ಓಡಿಸಿಕೊಂಡು ಹೋಗಸ್ತಾರ. ನಂಬರ್ ಪ್ಲೇಟ್ ಇಲ್ಲದ ಗಾಡಿ, ಗಾಳಿ ಬರೇ ಐದಾರು ಪಿಎಸ್ಐ ಇರೂ ದಪ್ಪ ಮೆತ್ತನ ಟೈರ್, ಡಾಂಬರಿನ್ಯಾಗ ಅದು ಹೆಂಗ್ ಬೇಕೋ ಹಂಗ ಎಳಿತೈತಿ. ತಳ್ಳಿಕೊಂಡು ಬರ್ರಿ, ಇಲ್ಲಾ ಅವರ ಹುಡುಗಗ ತರಾಕ ಹೇಳ್ರಿ.

ಹೆಲ್ಮೆಟ್ ಕೊಡ್ತಾರ, ಆದ್ರ ಪಟ್ಟಿ ಲಾಕ್ ಆಗತೈತೇನ ನೋಡಿ ತಗೋರಿ, ನಂದು ಎರಡನೇದಕ್ಕ ಸಿಕ್ತು. ಚಪ್ಪಲ್ ಹಾಕ್ಕೊಂಡ್ ಹೋಗಬ್ಯಾಡ್ರಿ, ಶೂ ಬೇಕಬೇಕು. ಧೂಳು ವಿಪರೀತ, ಕನ್ನಡಕ ಇದ್ರ ಛಲೋ.

ಒಟ್ಟು ರೇಟಿಗೆ ಮೋಸ ಇಲ್ಲ, ರವಿವಾರ ಬಿಟ್ಟು ಹೋದ್ರ ಗದ್ದಲಾ ಕಮ್ಮಿ, ಗಾಡಿ ಕೊಡೂ ಹುಡುಗ್ರು ಸಮಾಧಾನದಿಂದ ಮಾತಾಡ್ತಾರ. ಗೇಟಿನ್ಯಾಗ ಗಿರಮಿಟ್ ಮಾರೂ ಅಜ್ಜಿ ಕೂತಿರ್ತಾಳ, ಮಿರ್ಚಿನೂ ಬಿಸಿಬಿಸಿ ಕರಿತಾಳ, ಅದಕ್ಕ ಮಾತ್ರ ಐದಕ್ಕ ಐದು.