‘ಲಾ ಟ್ರವಿಯಾಟ’: ಬಾಕ್ಸಿನ ಆಸನ, ನಿಂತು ನೋಡುವ ಜಾಗ, ಚಿತ್ರಮಂದಿರ

ಇಟಲಿಯ ಸಂಗೀತಕಾರ ವೆರ್ದಿಯ ‘ಲಾ ಟ್ರವಿಯಾಟ’ ಎಂಬ ಒಪೆರಾವನ್ನು, ಅಂದರೆ ಹಾಡಿನಲ್ಲೇ ನಡೆಯುವ ನಾಟಕವನ್ನು, ನಾನು ಮೂರು ಬಗೆಯಲ್ಲಿ ನೋಡಿದ್ದೇನೆ: ಯುರೋಪಿನ ಹಳೆಯ ಒಪೆರಾ ಮಂದಿರವೊಂದರ ಪಕ್ಕದ ಬಾಕ್ಸಿನಲ್ಲಿ (ಕೆಲವರಷ್ಟೇ ಕೂರುವ ಪುಟ್ಟ ಕೋಣೆಯಂಥ ಜಾಗದಲ್ಲಿ) ಕುಳಿತು, ವಿಯೆನ್ನಾ ಸ್ಟೇಟ್ ಒಪೆರಾದಲ್ಲಿ ನಿಂತು, ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಪ್ರಸಾರವನ್ನು ಚಿತ್ರಮಂದಿರದಲ್ಲಿ. ಹೆಚ್ಚು ಹಣ ತೆತ್ತದ್ದು ಮೊದಲನೆಯದಕ್ಕೆ, ನಿರಾಸೆಯಾದದ್ದೂ ಅಲ್ಲಿಯೇ. ಗಾಯಕರಲ್ಲಿ ಕೊರತೆಯಿರಲಿಲ್ಲ; ಕೊರತೆಯಿದ್ದದ್ದು ನನಗೆ ಮಾರಲಾದ ಜಾಗದಲ್ಲಿ.

ಕುದುರೆ ಲಾಳದ ಆಕಾರದ ಆ ಹಳೆಯ ಮಂದಿರಗಳಲ್ಲಿ ಬಾಕ್ಸುಗಳನ್ನು ಸಿರಿವಂತ ಮನೆತನಗಳು ಇಡೀ ಋತುವಿಗೆ ಹಿಡಿದಿಡುತ್ತಿದ್ದವು. ರಂಗವನ್ನು ನೋಡುವಷ್ಟೇ ಎದುರಿನ ಬಾಕ್ಸಿನವರನ್ನು ನೋಡುವುದೂ ಅವರಿಗೆ ಮುಖ್ಯವಾಗಿದ್ದುದರಿಂದ, ಪಕ್ಕದ ಬಾಕ್ಸುಗಳ ಹಿಂದಿನ ಸಾಲಿಗೆ ರಂಗ ಅರೆಬರೆಯಾಗಿಯೇ ಕಾಣುತ್ತದೆ. ನನ್ನ ಟಿಕೆಟ್ಟಿನ ಮೇಲೆ ನೋಟಕ್ಕೆ ಭಾಗಶಃ ಅಡ್ಡಿಯಿದೆ ಎಂದು ಮುದ್ರಿಸಿದ್ದರು. ಆದರೆ ಆ ಅಡ್ಡಿ ಎಷ್ಟೆಂಬುದನ್ನು ಮಾರುವಾಗ ತಿಳಿಸಿರಲಿಲ್ಲ. ಮೊದಲ ಅಂಕದ ಕೊನೆಯಲ್ಲಿ, ಪ್ರೇಮವೇ ಬೇಡವೆಂದು ನಾಯಕಿ ವಯೊಲೆಟ್ಟಾ ಹಾಡುತ್ತಿರುವಾಗ ಅವಳನ್ನು ಪ್ರೇಮಿಸುವ ಆಲ್ಫ್ರೆಡೊನ ದನಿ ಹೊರಗಿನಿಂದ ತೇಲಿ ಬರಬೇಕು. ನಾನು ಕುಳಿತಿದ್ದ ಬದಿಯ ನೇಪಥ್ಯದಿಂದಲೇ ಅವನು ಹಾಡಿದ್ದರಿಂದ ಆ ದೂರವೆಲ್ಲ ಅಳಿಸಿಹೋಗಿ, ಎದುರಿಗಿದ್ದ ಅವಳಿಗಿಂತ ಕಾಣದ ಅವನೇ ಜೋರಾಗಿ ಕೇಳಿಸಿದ. ಮೂರನೆಯ ಅಂಕದಲ್ಲಿ ಹಾಸಿಗೆಯನ್ನು ನನ್ನ ಬದಿಗೇ, ನನ್ನ ನೋಟಕ್ಕೆ ಸಿಗದಂತೆ, ಇಟ್ಟಿದ್ದರು. ಕ್ಷಯದಿಂದ ಸೊರಗಿದ ವಯೊಲೆಟ್ಟಾ ಆಲ್ಫ್ರೆಡೊನ ತಂದೆ ಜೆರ್ಮೊನ ಪತ್ರವನ್ನು ಹಾಡದೆ ಬರಿಯ ಮಾತಿನಲ್ಲಿ ಓದಿಕೊಳ್ಳುವ, ಹಿನ್ನೆಲೆಯಲ್ಲಿ ಪಿಟೀಲು ಆಲ್ಫ್ರೆಡೊನ ಹಳೆಯ ಪ್ರೇಮದ ಧಾಟಿಯನ್ನು ನೆನಪಿಸುವ ಆ ಗಳಿಗೆಯಲ್ಲಿ ನನಗೆ ಕಾಣಿಸಿದ್ದು ಮುಂದಿನವರ ಭುಜ ಮತ್ತು ಖಾಲಿ ಕುರ್ಚಿಯೊಂದು. ಅವಳು ಸತ್ತದ್ದನ್ನು ನಾನು ವಾದ್ಯಮೇಳದಿಂದ ತಿಳಿದುಕೊಂಡೆ.

ವಿಯೆನ್ನಾದ ಅನುಭವ ಇದಕ್ಕೆ ತೀರ ಬೇರೆ. ಅಲ್ಲಿ ನಿಂತು ನೋಡುವವರಿಗೆ 400ಕ್ಕೂ ಹೆಚ್ಚು ಜಾಗಗಳಿದ್ದು, ಕೆಳಮಹಡಿಯ ಹಿಂಭಾಗದಲ್ಲಿರುವ ಜಾಗ ರಂಗಕ್ಕೆ ನೇರ ಎದುರಿಗೇ ಇದೆ. ಕುಳಿತು ನೋಡುವವರು ತೆರುವ ಹಣದ ಸಣ್ಣದೊಂದು ಪಾಲು ಕೊಟ್ಟರೆ ಸಾಕು. ಒಳಗೆ ಹೋದೊಡನೆ ಕಟಕಟೆಗೆ ಕೊರಳವಸ್ತ್ರವನ್ನು ಕಟ್ಟಿ ಜಾಗ ಹಿಡಿಯುವುದು ಹಳೆಯ ವಾಡಿಕೆ. ಅದನ್ನು ಯಾರೂ ಕದಲಿಸುವುದಿಲ್ಲ. ಮುಂದಿರುವ ಪುಟ್ಟ ಪರದೆಯಲ್ಲಿ ಸಾಹಿತ್ಯದ ಅನುವಾದ ಮೂಡುತ್ತದೆ. ವಿರಾಮವನ್ನು ಬಿಟ್ಟು ಎರಡು ತಾಸಿಗೂ ಮೀರಿದ ಸಂಗೀತವಾದ್ದರಿಂದ ಕಾಲು ನೋಯುವುದು ನಿಜ. ಆದರೂ ಮೂರನೆಯ ಅಂಕದ ವಿದಾಯಗೀತೆಯ ಕೊನೆಯ ತಾರಸ್ವರಕ್ಕೆ ಬಂದಾಗ ನೋವು ನೆನಪಿಗೇ ಬರಲಿಲ್ಲ. ಅದನ್ನು ಎಳೆಯಷ್ಟೇ ದನಿಯಲ್ಲಿ ಹಾಡಬೇಕೆಂದು ವೆರ್ದಿ ಬರೆದಿದ್ದಾನೆ. ಬಯಲಾಟದಲ್ಲಿ ಭಾಗವತರ ಮುಂದೆ ಮೈಕು ಇರುವುದನ್ನೇ ಕಂಡು ಬೆಳೆದ ನಮ್ಮಂಥವರಿಗೆ, ಯಾವ ಯಂತ್ರದ ನೆರವೂ ಇಲ್ಲದೆ ಅಷ್ಟು ಸಣ್ಣ ದನಿ ಅಷ್ಟು ದೊಡ್ಡ ಮಂದಿರದ ಹಿಂಬದಿಯನ್ನು ಮುಟ್ಟುವುದು ನಂಬಲಾಗದ ಸಂಗತಿ. ಒಪೆರಾಕ್ಕೆ ಹೋಗುವುದು ಇದಕ್ಕಾಗಿಯೇ ಎಂದು ನನಗೆ ಅಲ್ಲಿಯೇ ಖಚಿತವಾಯಿತು.

ಮೆಟ್ರೊಪಾಲಿಟನ್ ಒಪೆರಾ 2006ರಲ್ಲಿ ಆರಂಭಿಸಿದ ಚಿತ್ರಮಂದಿರದ ಪ್ರಸಾರವು ಮುಖಭಾವವನ್ನು ತೋರಿಸುವುದರಲ್ಲಿ ಉಳಿದೆರಡನ್ನೂ ಮೀರಿಸುತ್ತದೆ. ಎರಡನೆಯ ಅಂಕದಲ್ಲಿ ಮಗನನ್ನು ಬಿಟ್ಟುಬಿಡೆಂದು ಜೆರ್ಮೊ ಕೇಳುವಾಗ ವಯೊಲೆಟ್ಟಾಳ ಕಣ್ಣುಗಳಲ್ಲಿ ನಡೆಯುವುದನ್ನು ಯಾವ ದುಬಾರಿ ಆಸನದಿಂದಲೂ ಅಷ್ಟು ಹತ್ತಿರದಿಂದ ಕಾಣಲಾಗದು. ಆದರೆ ಎಲ್ಲ ದನಿಗಳೂ ಮೈಕಿನ ಮೂಲಕ ಹದಗೊಂಡು ಬರುವುದರಿಂದ, ಮೊದಲ ಅಂಕದ ಔತಣದಲ್ಲಿ ಹಾಡುವ ಪಾನಗೀತೆಯ ಮೇಳಕ್ಕೂ ಆ ಎಳೆದನಿಗೂ ಇರುವ ಅಂತರ ಕುಗ್ಗಿಹೋಗುತ್ತದೆ. ಎಲ್ಲಿ ನೋಡಬೇಕೆಂಬುದನ್ನೂ ಕ್ಯಾಮೆರಾವೇ ನಿರ್ಧರಿಸುತ್ತದೆ.

ಕಥೆಯನ್ನೇ ಅರಿಯದ ಹೊಸಬರು ಮೊದಲು ಚಿತ್ರಮಂದಿರದಲ್ಲಿ ನೋಡಿ, ಬಳಿಕ ನಿಂತಾದರೂ ಸರಿ, ರಂಗದ ಎದುರು ಜಾಗ ಹಿಡಿಯಲಿ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ನಿಲ್ಲುವ ಮಾತು ಒಗ್ಗದು. ಅವರಿಗೆ ಮೇಲಿನ ಗ್ಯಾಲರಿಯ ನಡುಭಾಗದಲ್ಲಿ ಆಸನ ಕೊಳ್ಳುವುದು ಒಳ್ಳೆಯದು: ರಂಗ ಚಿಕ್ಕದಾಗಿ ಕಂಡರೂ ಇಡಿಯಾಗಿ ಕಾಣುತ್ತದೆ. ಪಕ್ಕದ ಬಾಕ್ಸಿನಲ್ಲಿ ಮುಂದಿನ ಸಾಲು ದೊರೆಯದಿದ್ದರೆ, ಎಷ್ಟೇ ರಿಯಾಯಿತಿ ಇದ್ದರೂ ಆ ಟಿಕೆಟ್ಟನ್ನು ನಾನು ಯಾರಿಗೂ ಸೂಚಿಸಲಾರೆ.