ಮಿಲ್ಲಿಗೆ ಬಿಐ, ಪಂಪಿನ ಅಂಗಡಿಗೆ ಸಿಆರ್‌ಎಂ: ಎರಡನ್ನೂ ಬಳಸಿ ನೋಡಿದ ಹೋಲಿಕೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನ ಲೆಕ್ಕಪತ್ರವನ್ನೂ, ಅದೇ ಮನೆತನದವರು ಯಾದಗಿರಿಯಲ್ಲಿ ನಡೆಸುವ ಹನಿ ನೀರಾವರಿ ಮತ್ತು ಪಂಪ್‌ಸೆಟ್ ಅಂಗಡಿಯ ಮಾರಾಟವನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ವ್ಯವಹಾರ ಬೆಳೆದಂತೆ ತಂತ್ರಾಂಶ ಮಾರುವವರೂ ಬರತೊಡಗಿದರು. ಕೆಲವರು ಸಿಆರ್‌ಎಂ ಎಂದರು, ಕೆಲವರು ಬಿಐ ಎಂದರು. ಗ್ರಾಹಕರೊಂದಿಗೆ ನಡೆದ ಮಾತುಕತೆ, ಕೊಟ್ಟ ದರ, ಮತ್ತೆ ಯಾವಾಗ ಫೋನ್ ಮಾಡಬೇಕು ಎಂಬುದನ್ನು ಹಿಡಿದಿಡುವುದು ಸಿಆರ್‌ಎಂ. ಈಗಾಗಲೇ ಆಗಿಹೋದ ವ್ಯವಹಾರದ ಅಂಕಿಗಳನ್ನು ಸೋಸಿ ಪಟ್ಟಿಯಾಗಿ, ನಕ್ಷೆಯಾಗಿ ತೋರಿಸುವುದು ಬಿಸಿನೆಸ್ ಇಂಟೆಲಿಜೆನ್ಸ್, ಅಂದರೆ ಬಿಐ. ಪುಸ್ತಕದ ಪ್ರಕಾರ ಇವೆರಡೂ ಪ್ರತಿಸ್ಪರ್ಧಿಗಳಲ್ಲ, ಜೊತೆಗಾರರು. ಆದರೆ ನಮ್ಮಂಥ ಮಧ್ಯಮ ಗಾತ್ರದ ವ್ಯಾಪಾರದಲ್ಲಿ ಎರಡಕ್ಕೂ ಹಣ ಹೋಗುವುದು ಒಂದೇ ಗಲ್ಲಾಪೆಟ್ಟಿಗೆಯಿಂದ, ಎರಡಕ್ಕೂ ದುಡಿಯಬೇಕಾದವರು ಅದೇ ನಾಲ್ಕು ಜನ. ಹಾಗಾಗಿ ಯಾವುದು ಮೊದಲು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಸೌಲಭ್ಯಗಳ ಉದ್ದ ಪಟ್ಟಿ ನೋಡಿ ಇದನ್ನು ನಿರ್ಧರಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕೇಳಬೇಕಾದದ್ದು ಇಷ್ಟೇ: ಇದಕ್ಕೆ ಮಾಹಿತಿ ತುಂಬುವವರು ಯಾರು, ಯಾವ ಹೊತ್ತಿನಲ್ಲಿ ತುಂಬುತ್ತಾರೆ, ತುಂಬಿದ್ದರಿಂದ ಅವರಿಗೇನು ಲಾಭ? ಈ ಪ್ರಶ್ನೆ ಹಿಡಿದು ಹೋದಾಗ ಮಿಲ್ಲಿಗೆ ಒಂದು ಉತ್ತರ ಸಿಕ್ಕಿತು, ಅಂಗಡಿಗೆ ಅದಕ್ಕೆ ತೀರಾ ವಿರುದ್ಧವಾದ ಉತ್ತರ ಸಿಕ್ಕಿತು.

ಮಿಲ್ಲಿನಲ್ಲಿ ಮೊದಲು ಪರೀಕ್ಷಿಸಿದ್ದು ಜೋಹೊ ಸಿಆರ್‌ಎಂ. ಚೆನ್ನೈನ ಈ ಕಂಪನಿ 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಆರಂಭವಾದದ್ದು. ಇದರ ಸಿಆರ್‌ಎಂ ಅನ್ನು ಮೂವರು ಬಳಕೆದಾರರವರೆಗೆ ಉಚಿತವಾಗಿ ಬಳಸಬಹುದು, ಮೊಬೈಲ್ ಆ್ಯಪ್ ಕೂಡ ಚೆನ್ನಾಗಿದೆ. ತಂತ್ರಾಂಶದಲ್ಲಿ ಕೊರತೆ ಇರಲಿಲ್ಲ. ಬೇಳೆಯ ವ್ಯಾಪಾರದ ಸ್ವಭಾವವೇ ಅದಕ್ಕೆ ಒಗ್ಗಲಿಲ್ಲ. ಬೀದರ್, ಹುಮನಾಬಾದ್ ಕಡೆಯ ಅಂಗಡಿಯವರಾಗಲಿ, ಸೊಲ್ಲಾಪುರ, ಹೈದರಾಬಾದಿನ ಸಗಟು ವ್ಯಾಪಾರಿಗಳಾಗಲಿ ಫೋನಿನಲ್ಲಿ ಕೇಳುವುದು ಮೂರೇ ಮಾತು: ಇಂದು ಫಟ್ಕಾ ಬೇಳೆಯ ದರ ಎಷ್ಟು, ಎಷ್ಟು ಚೀಲ ಸಿಗುತ್ತದೆ, ಲಾರಿ ಯಾವಾಗ ಹೊರಡುತ್ತದೆ. ಒಂದೆರಡು ನಿಮಿಷದಲ್ಲಿ ಸೌದಾ ಕುದುರುತ್ತದೆ ಅಥವಾ ಮುರಿಯುತ್ತದೆ. ಅರ್ಧದಷ್ಟು ವ್ಯವಹಾರ ದಲ್ಲಾಳಿಯ ಮೂಲಕವೇ ಬರುವುದರಿಂದ ಕೊನೆಯ ಗ್ರಾಹಕನ ಧ್ವನಿಯನ್ನು ನಮ್ಮವರು ಕೇಳುವುದೂ ಇಲ್ಲ. ಇಂಥ ಮಾತುಕತೆಯನ್ನು ‘ಅವಕಾಶ’, ‘ಹಂತ’, ‘ಮುಂದಿನ ಕ್ರಮ’ ಎಂದು ಒಡೆದು ತುಂಬಲು ಸೌದಾ ಕುದುರಿಸುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಮಾರಾಟಕ್ಕೆ ತಿರುಗುವ ಹುಡುಗರು ರಾತ್ರಿ ಲಾಡ್ಜಿನಲ್ಲಿ ಕುಳಿತು ನೆನಪಿದ್ದಷ್ಟನ್ನು ತುಂಬತೊಡಗಿದರು. ದಣಿದ ಮನುಷ್ಯ ನೆನಪಿನಿಂದ ಬರೆದದ್ದನ್ನು ನಂಬಿ ನಾಳೆಯ ದರ ಕಟ್ಟಲು ಆಗುವುದಿಲ್ಲ. ಅವರನ್ನು ದೂರುವುದು ಅನ್ಯಾಯ. ಹಾಗೆ ತುಂಬಿದ್ದರಿಂದ ಅವರಿಗೆ ಸಿಗುತ್ತಿದ್ದುದು ಏನೂ ಇರಲಿಲ್ಲ.

ಸೇಲ್ಸ್‌ಫೋರ್ಸ್ ಹೆಸರು ಎಲ್ಲರ ಬಾಯಲ್ಲೂ ಇದೆ. 1999ರಿಂದ ಈ ಕ್ಷೇತ್ರವನ್ನು ಕಟ್ಟಿದ ಕಂಪನಿ ಅದು. ಆದರೆ ಅದನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಲು ತರಬೇತಾದ ಒಬ್ಬರನ್ನು ಇಟ್ಟುಕೊಳ್ಳಬೇಕಾಗುತ್ತದೆ. ಬ್ಯಾಂಕು, ವಿಮಾ ಕಂಪನಿ, ದೊಡ್ಡ ಆಸ್ಪತ್ರೆಗಳಿಗೆ ಸರಿ, ನಮಗಲ್ಲ. ಹಬ್‌ಸ್ಪಾಟ್ ಎಂಬ ಇನ್ನೊಂದು ಸಿಆರ್‌ಎಂ, ಜಾಲತಾಣದ ಮೂಲಕ, ಇಮೇಲ್ ಮೂಲಕ ಗ್ರಾಹಕರನ್ನು ಹುಡುಕುವವರಿಗೆ ಒಳ್ಳೆಯದು. ನಮ್ಮ ಕಿರಾಣಿ ವ್ಯಾಪಾರಿ ಇಮೇಲ್ ತೆರೆಯುವುದು ಜಿಎಸ್‌ಟಿ ರಿಟರ್ನ್‌ನ ಕಾಲಕ್ಕೆ ಮಾತ್ರ.

ಬಿಐ ವಿಚಾರಕ್ಕೆ ಬಂದಾಗ ಚಿತ್ರವೇ ಬದಲಾಯಿತು, ಏಕೆಂದರೆ ತುಂಬುವ ಕೆಲಸ ಆಗಲೇ ಮುಗಿದಿತ್ತು. ಪ್ರತಿ ಬಿಲ್ಲು, ಪ್ರತಿ ಜಮೆ, ಚುನ್ನಿ (ಬೇಳೆ ನುಚ್ಚು) ಮತ್ತು ಹೊಟ್ಟಿನ ಮಾರಾಟ ಕೂಡ ಲೆಕ್ಕ ಬರೆಯುವ ಮುನೀಮರ ಕೈಯಿಂದ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಇಳಿಯುತ್ತದೆ. ತೆರಿಗೆಯ ಭಯದಿಂದಲಾದರೂ ಅದು ತಪ್ಪುವುದಿಲ್ಲ, ಲೆಕ್ಕ ಪರಿಶೋಧಕರ ಕಣ್ಣು ಬೇರೆ ಅದರ ಮೇಲಿದೆ. ಟ್ಯಾಲಿಯಿಂದ ಎಕ್ಸೆಲ್‌ಗೆ ಕಳಿಸುವುದು ಸುಲಭ. ಸ್ವಲ್ಪ ತಿಳಿದವರು ಓಡಿಬಿಸಿ (ಒಂದು ತಂತ್ರಾಂಶದ ಮಾಹಿತಿಯನ್ನು ಇನ್ನೊಂದು ಓದುವ ವ್ಯವಸ್ಥೆ) ಸಂಪರ್ಕದ ಮೂಲಕ ನೇರವಾಗಿಯೂ ಸೆಳೆಯಬಹುದು. ಯಾರಿಗೂ ಒಂದು ಅಕ್ಷರ ಹೆಚ್ಚು ಬರೆಯಲು ಹೇಳದೆ, ಮುಖ್ಯ ಅಂಕಿಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಎದ್ದು ನಿಂತಿತು.

ಅದಕ್ಕೂ ಮೊದಲು ಹೆಸರುಗಳನ್ನು ತೊಳೆಯಬೇಕಾಯಿತು. ಬಿಐ ಮಾರುವವರು ಈ ಕೆಲಸದ ಬಗ್ಗೆ ಬಾಯಿ ಬಿಡುವುದಿಲ್ಲ, ನಿಜವಾದ ಶ್ರಮವೆಲ್ಲ ಇಲ್ಲೇ ಇದೆ. ನಮ್ಮ ಭಾಗದಲ್ಲಿ ಬಸವೇಶ್ವರರ, ಶರಣಬಸವೇಶ್ವರರ ಹೆಸರು ಹೊತ್ತ ಅಂಗಡಿಗಳು ಊರಿಗೊಂದಾದರೂ ಇವೆ. ಇಂಗ್ಲಿಷಿನಲ್ಲಿ ಅವುಗಳ ಕಾಗುಣಿತವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ಖಾತೆಗಳಲ್ಲಿ ಹಳೆಯ ಹೆಸರು, ಹೊಸ ಖಾತೆಗಳಲ್ಲಿ ಹೊಸ ಹೆಸರು. ನಕ್ಷೆಯಲ್ಲಿ ಒಂದೇ ಊರಿನ ವ್ಯಾಪಾರ ಎರಡು ಊರುಗಳಲ್ಲಿ ಹಂಚಿ ಕಾಣುತ್ತದೆ. ಇದಕ್ಕೆ ಗಟ್ಟಿ ಪರಿಹಾರವೆಂದರೆ ಹೆಸರನ್ನು ಬಿಟ್ಟು ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಗುರುತಾಗಿ ಹಿಡಿಯುವುದು. ಅದರ ಮೊದಲ ಎರಡು ಅಂಕಿ ರಾಜ್ಯವನ್ನು ಹೇಳುತ್ತವೆ: 29 ಕರ್ನಾಟಕ, 36 ತೆಲಂಗಾಣ, 27 ಮಹಾರಾಷ್ಟ್ರ. ನಂತರದ ಹತ್ತು ಅಕ್ಷರ ಪ್ಯಾನ್ ಸಂಖ್ಯೆ. ಹಾಗಾಗಿ ಒಂದೇ ಸಂಸ್ಥೆ ಎರಡು ರಾಜ್ಯಗಳಲ್ಲಿ ಖಾತೆ ಇಟ್ಟಿದ್ದರೂ ಉದ್ರಿಯನ್ನು ಒಟ್ಟುಗೂಡಿಸಿ ನೋಡಬಹುದು. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಅಂಗಡಿಗೆ ಮೊಬೈಲ್ ಸಂಖ್ಯೆಯೇ ಗುರುತು. ನುಡಿ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಪಟ್ಟಿ ಬರೆದಿಟ್ಟವರು ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲವಾದರೆ ಈ ತಂತ್ರಾಂಶಗಳಲ್ಲಿ ಅರ್ಥವಿಲ್ಲದ ಗೀಟುಗಳಷ್ಟೇ ಕಾಣುತ್ತವೆ.

ತೊಳೆದ ಪಟ್ಟಿಯ ಮೇಲೆ ಗೂಗಲ್‌ನ ಲುಕರ್ ಸ್ಟುಡಿಯೊ ಮತ್ತು ಮೈಕ್ರೋಸಾಫ್ಟ್‌ನ ಪವರ್ ಬಿಐ ಎರಡನ್ನೂ ಅಕ್ಕಪಕ್ಕ ನಡೆಸಿದೆ. ಲುಕರ್ ಸ್ಟುಡಿಯೊಗೆ 2022ರವರೆಗೆ ಡೇಟಾ ಸ್ಟುಡಿಯೊ ಎಂಬ ಹೆಸರಿತ್ತು. ಅದು ಉಚಿತ, ಬ್ರೌಸರ್‌ನಲ್ಲೇ ತೆರೆಯುತ್ತದೆ, ಗೂಗಲ್ ಶೀಟ್ಸ್ ಓದುತ್ತದೆ, ಅನುಮತಿ ಕೊಟ್ಟವರಿಗೆ ಕೊಂಡಿ ಕಳಿಸಿದರೆ ಮೊಬೈಲ್‌ನಲ್ಲೂ ಕಾಣುತ್ತದೆ. ಸಾಹುಕಾರರಿಗೆ ಇದೇ ಹಿಡಿಸಿತು. ಪವರ್ ಬಿಐ ಡೆಸ್ಕ್‌ಟಾಪ್ ಕೂಡ ಉಚಿತವೇ, ಆದರೆ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ವರದಿಯನ್ನು ಅದರ ಕ್ಲೌಡ್ ಸೇವೆಯ ಮೂಲಕ ಇತರರಿಗೆ ಹಂಚಬೇಕಾದರೆ ಸಾಮಾನ್ಯವಾಗಿ ಹಂಚುವವರಿಗೂ ನೋಡುವವರಿಗೂ ಪ್ರೊ ಪರವಾನಗಿ ಬೇಕು. ಮಿಲ್ಲಿನ ಕಂಪ್ಯೂಟರಿನಲ್ಲಿರುವ ಮಾಹಿತಿ ತಾನಾಗಿ ಹೊಸದಾಗುತ್ತಿರಬೇಕಾದರೆ ಗೇಟ್‌ವೇ ಎಂಬ ಕೊಂಡಿ ತಂತ್ರಾಂಶವನ್ನು ಅಳವಡಿಸಿ ಆ ಯಂತ್ರವನ್ನು ಚಾಲೂ ಇಡಬೇಕು. ವಿದ್ಯುತ್ ಕೈಕೊಡುವ ಊರುಗಳಲ್ಲಿ ಇದು ಸಣ್ಣ ಷರತ್ತಲ್ಲ.

ಇಷ್ಟಾದರೂ ಲೆಕ್ಕದ ಬಲದಲ್ಲಿ ಪವರ್ ಬಿಐ ಮುಂದೆ. ಒಬ್ಬ ವ್ಯಾಪಾರಿ ಸಾಮಾನ್ಯವಾಗಿ ಎಷ್ಟು ದಿನಕ್ಕೊಮ್ಮೆ ಕೊಳ್ಳುತ್ತಾನೆ, ಈ ಸಲ ಆ ಅವಧಿ ಮೀರಿದೆಯೇ ಎಂಬುದನ್ನು ಅದರ ಡ್ಯಾಕ್ಸ್ ಎಂಬ ಸೂತ್ರಭಾಷೆಯಲ್ಲಿ ಕಟ್ಟಬಹುದು. ಲುಕರ್ ಸ್ಟುಡಿಯೊದಲ್ಲಿ ಅದನ್ನು ಸಾಧಿಸಲು ಶೀಟ್‌ನಲ್ಲೇ ಮೊದಲು ಲೆಕ್ಕ ಮಾಡಿಟ್ಟುಕೊಳ್ಳಬೇಕು. ಈ ಒಂದು ಪಟ್ಟಿ ಮಿಲ್ಲಿನ ಕಣ್ಣು ತೆರೆಸಿತು. ಸದ್ದು ಮಾಡಿ ಜಗಳವಾಡಿ ಹೋದ ಗಿರಾಕಿ ಎಲ್ಲರಿಗೂ ನೆನಪಿರುತ್ತಾನೆ. ಸದ್ದಿಲ್ಲದೆ ಚೀಲಗಳನ್ನು ಕಡಿಮೆ ಮಾಡುತ್ತ ಬೇರೆ ಮಿಲ್ಲಿಗೆ ಸರಿದವನು ಯಾರಿಗೂ ನೆನಪಿರುವುದಿಲ್ಲ. ಪಟ್ಟಿ ನೋಡಿದ ಮುನೀಮರು, “ಇವರು ಕೊಳ್ಳುವುದು ಬಿಟ್ಟಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ ನೋಡಿ” ಎಂದು ಕನ್ನಡಕ ತೆಗೆದಿಟ್ಟರು. ಅವರ ನೆನಪಿನ ಶಕ್ತಿಯನ್ನು ಬಲ್ಲ ನನಗೆ ಆ ಮಾತಿನ ತೂಕ ಗೊತ್ತು.

ಇನ್ನೊಂದು ಪಟ್ಟಿ ಉದ್ರಿಯದು. ಬಾಕಿಯನ್ನು ಅದರ ವಯಸ್ಸಿನ ಪ್ರಕಾರ, ಹದಿನೈದು ದಿನದೊಳಗೆ, ನಲವತ್ತೈದರೊಳಗೆ, ಅದಕ್ಕೂ ಹಳೆಯದು ಎಂದು ವಿಂಗಡಿಸಿದೆವು. ಈ ಗೆರೆಗಳಿಗೆ ಕಾರಣವಿದೆ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇರುವ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಂದ ಕೊಂಡವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು. ತಡಮಾಡಿದರೆ ಆ ಖರೀದಿಯ ವೆಚ್ಚವನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. 43ಬಿ(ಎಚ್) ಕಲಂ ಆಗಿ 2024ರ ಏಪ್ರಿಲ್‌ನಿಂದ ಬಂದ ನಿಯಮ ಇದು. ವಸೂಲಿಗೆ ಹೋದ ಹುಡುಗ ಬೇಡುವ ದನಿಯಲ್ಲಿ ಮಾತನಾಡುವುದಕ್ಕೂ, “ಮಾರ್ಚ್ ಮುಗಿಯುವ ಮುನ್ನ ಕೊಟ್ಟರೆ ನಿಮ್ಮ ತೆರಿಗೆಗೂ ಒಳ್ಳೆಯದು ಅಣ್ಣಾ” ಎಂದು ತೇದಿ ಸಮೇತ ಪಟ್ಟಿ ತೋರಿಸುವುದಕ್ಕೂ ಬಹಳ ಅಂತರವಿದೆ.

ಟ್ಯಾಬ್ಲೊ ಎಂಬ ಇನ್ನೊಂದು ಬಿಐ ತಂತ್ರಾಂಶ ಚಿತ್ರಗಳ ಚೆಲುವಿನಲ್ಲಿ ಎಲ್ಲರಿಗಿಂತ ಮೇಲು. 2019ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಕೊಂಡಿತು. ಆದರೆ ಟ್ಯಾಬ್ಲೊ ಪಬ್ಲಿಕ್ ಉಚಿತವಿದೆ ಎಂದು ಖಾತೆ ಪುಸ್ತಕವನ್ನು ಅಲ್ಲಿ ಏರಿಸಬೇಡಿ, ಅಲ್ಲಿ ಪ್ರಕಟಿಸಿದ್ದು ಲೋಕಕ್ಕೆಲ್ಲ ಕಾಣುತ್ತದೆ. ಪವರ್ ಬಿಐನ ‘ವೆಬ್‌ಗೆ ಪ್ರಕಟಿಸು’ ಆಯ್ಕೆಯೂ ಹಾಗೆಯೇ. ಮೆಟಾಬೇಸ್ ಎಂಬ ಬಿಐ ಮುಕ್ತ ತಂತ್ರಾಂಶ, ಸ್ವಂತ ಸರ್ವರ್ ನಿಭಾಯಿಸಬಲ್ಲವರಿಗೆ ಉತ್ತಮ.

ಇನ್ನು ಯಾದಗಿರಿಯ ಅಂಗಡಿ. ಇಲ್ಲಿ ಡ್ಯಾಶ್‌ಬೋರ್ಡ್ ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಶಹಾಪುರ ತಾಲ್ಲೂಕಿನ ಒಬ್ಬ ರೈತ ಹನಿ ನೀರಾವರಿ ಕೇಳಿಕೊಂಡು ಬಂದ ದಿನದಿಂದ ಪೈಪು ಜಮೀನಿಗೆ ಇಳಿಯುವವರೆಗೆ ತಿಂಗಳುಗಳು ಉರುಳುತ್ತವೆ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ) ಗುರುತಿನ ಸಂಖ್ಯೆ, ಜಮೀನಿನ ಅಳತೆ, ಸಹಾಯಧನದ ಅರ್ಜಿ, ಮಂಜೂರಾತಿ, ಅಳವಡಿಕೆ, ಪರಿಶೀಲನೆ. ಬಿಲ್ಲು ಹುಟ್ಟುವುದು ಇದೆಲ್ಲದರ ಕೊನೆಗೆ. ಬಿಲ್ಲು ಆಗುವವರೆಗೆ ಟ್ಯಾಲಿಗೆ ಆ ರೈತನ ಸುಳಿವೇ ಇಲ್ಲ. ಟ್ಯಾಲಿಗೆ ಗೊತ್ತಿಲ್ಲದ್ದು ಬಿಐಗೂ ಗೊತ್ತಾಗುವುದಿಲ್ಲ. ಕೈಬಿಟ್ಟು ಹೋಗುವ ಗಿರಾಕಿಗಳೆಲ್ಲ ಕೈಬಿಟ್ಟು ಹೋಗುವುದು ಈ ನಡುವಿನ ಕತ್ತಲಲ್ಲಿ. ಅರ್ಜಿಯಲ್ಲಿ ಒಂದು ಕಾಗದ ಕಡಿಮೆ ಇದೆ ಎಂದು ಹೇಳುವವರಿಲ್ಲದೆ ರೈತ ಸುಮ್ಮನಾಗುತ್ತಾನೆ, ಮಳೆಗಾಲ ಬರುತ್ತದೆ, ಆ ವರ್ಷ ಹೋಯಿತು. ನಷ್ಟ ಅಂಗಡಿಗಿಂತ ಅವನಿಗೇ ಹೆಚ್ಚು.

ಇಲ್ಲಿ ಬಿಗಿನ್ ಗೆದ್ದಿತು. ಸಣ್ಣ ವ್ಯಾಪಾರಗಳಿಗೆಂದೇ ಜೋಹೊ 2020ರಲ್ಲಿ ತಂದ ಹಗುರ ಸಿಆರ್‌ಎಂ ಇದು. ಹಂತಗಳ ಹೆಸರನ್ನು ನಮ್ಮ ಮಾತಿನಲ್ಲೇ ಇಟ್ಟೆವು: ವಿಚಾರಣೆ, ಅಳತೆ, ಕಾಗದಪತ್ರ, ಅರ್ಜಿ, ಮಂಜೂರು, ಅಳವಡಿಕೆ. ಪ್ರತಿ ರೈತನದು ಒಂದು ಚೀಟಿ. ಅದನ್ನು ಬೆರಳಿನಿಂದ ಮುಂದಿನ ಅಂಕಣಕ್ಕೆ ಎಳೆದರೆ ಮುಗಿಯಿತು. ತುಂಬುವ ಹುಡುಗನಿಗೆ ಇಲ್ಲಿ ಲಾಭವಿದೆ: ನಾಳೆ ಸುರಪುರ ಕಡೆ ಹೋಗುವಾಗ ದಾರಿಯಲ್ಲಿ ಯಾರ್ಯಾರ ಕಾಗದ ತರಬೇಕೆಂದು ಅದೇ ನೆನಪಿಸುತ್ತದೆ. ಹೀಗಾಗಿ ಯಾರೂ ಒತ್ತಾಯಿಸದೆ ತುಂಬುತ್ತಾನೆ.

ಫ್ರೆಶ್‌ವರ್ಕ್ಸ್‌ನ ಫ್ರೆಶ್‌ಸೇಲ್ಸ್ ಎಂಬ ಸಿಆರ್‌ಎಂ ಅನ್ನೂ ನೋಡಿದೆ. 2010ರಲ್ಲಿ ಚೆನ್ನೈನಲ್ಲಿ ಹುಟ್ಟಿ 2021ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ತಲುಪಿದ ಕಂಪನಿ. ಫೋನ್ ಕರೆ, ಇಮೇಲ್, ಚಾಟ್ ಒಂದೇ ಕಡೆ ಸೇರುವುದು ಅದರ ಬಲ. ದಿನವಿಡೀ ಕುರ್ಚಿಯಲ್ಲಿ ಕುಳಿತು ಕರೆ ಮಾಡುವ ತಂಡವಿದ್ದರೆ ಅದನ್ನೇ ಆರಿಸುತ್ತಿದ್ದೆ. ನಮ್ಮವರು ಮೋಟಾರ್ ಸೈಕಲ್ ಮೇಲೆ ಹೊಲದ ಬದುವಿನಲ್ಲಿರುತ್ತಾರೆ. ಅಂಥವರಿಗೆ ನೆಟ್‌ವರ್ಕ್ ಇಲ್ಲದ ಕಡೆಯೂ ಬರೆದಿಟ್ಟು ಆಮೇಲೆ ಸೇರಿಸುವ ಅನುಕೂಲ ಯಾವ ಆ್ಯಪ್‌ನಲ್ಲಿ ಎಷ್ಟಿದೆ ಎಂಬುದನ್ನು ಕೊಳ್ಳುವ ಮೊದಲೇ ಜಮೀನಿನಲ್ಲಿ ನಿಂತು ಪರೀಕ್ಷಿಸಬೇಕು.

ವಾಟ್ಸ್ಆ್ಯಪ್ ಬಿಸಿನೆಸ್ ಸಾಲದೇ ಎಂದು ಕೇಳುವವರಿದ್ದಾರೆ. ಒಬ್ಬನೇ ನಡೆಸುವ ಅಂಗಡಿಗೆ ಸಾಕು. ಬಣ್ಣದ ಲೇಬಲ್ ಹಚ್ಚಿ ಗಿರಾಕಿಗಳನ್ನು ವಿಂಗಡಿಸಬಹುದು. ಆದರೆ ಮಾರಾಟಗಾರನ ಸ್ವಂತ ಸಿಮ್‌ನಲ್ಲಿ ಮಾತುಕತೆ ನಡೆದರೆ ಅವನು ಕೆಲಸ ಬಿಟ್ಟ ದಿನ ಗಿರಾಕಿಗಳ ಇತಿಹಾಸವೂ ಅವನ ಜೇಬಿನಲ್ಲೇ ಹೊರಟುಹೋಗುತ್ತದೆ. ಅಂಗಡಿಯ ಹೆಸರಿನ ಸಂಖ್ಯೆಯನ್ನೇ ಬಳಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ಸಿಆರ್‌ಎಂ, ವರದಿ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಸೂರಿನಡಿ ಕೊಡುವ ಒಡೂ, ಇಆರ್‌ಪಿನೆಕ್ಸ್ಟ್ ಮುಂತಾದವೂ ಇವೆ, ಮುಂಬೈನ ಫ್ರಾಪೆ ಕಟ್ಟಿದ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶವೂ ಹೌದು. ಆದರೆ ಅವು ಟ್ಯಾಲಿಯ ಜಾಗವನ್ನೇ ಕೇಳುತ್ತವೆ. ತೊಗರಿ ಆವಕದ ಕಾಲದಲ್ಲಿ ಮುನೀಮರ ಕೈಯಿಂದ ಟ್ಯಾಲಿ ಕಸಿಯಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ರೈತರ ಆಧಾರ್, ಪಹಣಿಗಳ ಚಿತ್ರಗಳನ್ನು ಸಿಆರ್‌ಎಂನಲ್ಲಿ ಇಡುವ ಬಗ್ಗೆ ಒಂದು ಕಟ್ಟುನಿಟ್ಟು ಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲೇ ಕಾಯ್ದೆ ಬಂದಿದೆ. ಕೆಲಸ ಮುಗಿದ ಕಡತದಿಂದ ಆ ಚಿತ್ರಗಳನ್ನು ಅಳಿಸುತ್ತೇವೆ. ನಂಬಿ ಕಾಗದ ಕೊಟ್ಟವರಿಗೆ ಅಷ್ಟಾದರೂ ಮಾಡಬೇಕು.

ಯಾವುದನ್ನು ಆರಿಸಿದರೂ ಹಣ ಕಟ್ಟುವ ಮೊದಲು ಪರೀಕ್ಷಾ ಅವಧಿಯಲ್ಲೇ ಒಂದು ಕೆಲಸ ಮಾಡಿ. ಹತ್ತಾರು ಗಿರಾಕಿಗಳ ವಿವರ ತುಂಬಿ, ಟಿಪ್ಪಣಿ ಬರೆದು, ಒಂದೆರಡು ಫೋಟೊ ಸೇರಿಸಿ, ಆಮೇಲೆ ಎಲ್ಲವನ್ನೂ ಸಿಎಸ್‌ವಿ ಕಡತವಾಗಿ ಹೊರಗೆ ತೆಗೆದು ಎಕ್ಸೆಲ್‌ನಲ್ಲಿ ತೆರೆಯಿರಿ. ಹೆಸರು, ಫೋನ್ ಸಂಖ್ಯೆ ಎಲ್ಲದರಲ್ಲೂ ಬರುತ್ತವೆ. ಟಿಪ್ಪಣಿಗಳು ಬಂದಿವೆಯೇ, ಅವು ಸರಿಯಾದ ಗಿರಾಕಿಯ ಮುಂದೆಯೇ ಇವೆಯೇ, ಕನ್ನಡ ಅಕ್ಷರ ಕೆಡದೆ ಉಳಿದಿದೆಯೇ, ಫೋಟೊಗಳನ್ನು ಬೇರೆಯಾಗಿ ಇಳಿಸಿಕೊಳ್ಳಲು ದಾರಿ ಇದೆಯೇ ಎಂಬುದನ್ನು ಒಂದೊಂದಾಗಿ ನೋಡಿ. ನಮ್ಮಲ್ಲಿಗೆ ಬಂದ ಒಬ್ಬ ಮಾರಾಟ ಪ್ರತಿನಿಧಿ ಈ ಪರೀಕ್ಷೆಗೆ ಒಪ್ಪದೆ “ಅದೆಲ್ಲ ಆಮೇಲೆ ನೋಡೋಣ ಸರ್” ಎಂದರು. ಅವರ ತಂತ್ರಾಂಶವನ್ನು ನಾವು ಕೊಳ್ಳಲಿಲ್ಲ.