23ನೇ ಸೀಟು: ವಿಜಯಪುರದ ಒಂದು ರೀಡಿಂಗ್ ರೂಮ್

ಮೊದಲು ರೇಟ್ ಹೇಳಿಬಿಡುತ್ತೇನೆ, ಎಲ್ಲರೂ ಕೇಳೋದು ಅದನ್ನೇ. ತಿಂಗಳಿಗೆ 900 ರೂಪಾಯಿ. ಲಾಕರ್ ಬೇಕಿದ್ದರೆ ಇನ್ನೂ 100. ಬೆಳಗ್ಗೆ 6ಕ್ಕೆ ಬಾಗಿಲು ತೆಗೆಯುತ್ತಾರೆ, ರಾತ್ರಿ 11ಕ್ಕೆ ಹಾಕುತ್ತಾರೆ. ನಾನು 2017ರ ಜೂನ್‌ನಲ್ಲಿ ಸೇರಿದಾಗ 500 ಇತ್ತು.

ಜಾಗ ಗೋಳಗುಮ್ಮಟದಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಕೆಳಗೆ ಝೆರಾಕ್ಸ್ ಅಂಗಡಿ, ಮೊದಲ ಮಹಡಿಯಲ್ಲಿ ಎರಡು ಹಾಲ್, ಅದರ ಮೇಲೆ ತಗಡು ಹೊದಿಸಿದ ಮೂರನೇ ಹಾಲ್. ಬೋರ್ಡು ಬಿಸಿಲಿಗೆ ಬೆಳ್ಳಗಾಗಿದೆ, ಹೆಸರು ಓದಲು ಬರುವುದಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ‘ಕಾಕಾ ಎಲ್ಲಿ’ ಅಂತ ಕೇಳಿ, ಮೇಲೆ ಕಳಿಸುತ್ತಾರೆ. ಕಾಕಾ ಸರ್ಕಾರಿ ಬಸ್ ಡ್ರೈವರ್ ಆಗಿ ನಿವೃತ್ತರಾದವರು.

ಅಲ್ಲಿ ಕೂರುವವರಲ್ಲಿ ಪಿಎಸ್ಐ, ಎಫ್‌ಡಿಎ, ಟಿಇಟಿಗೆ ಓದುವವರೇ ಜಾಸ್ತಿ. ಪೈಲಟ್ ಪರೀಕ್ಷೆಗೆ ಓದುತ್ತಿದ್ದವನು ನಾನೊಬ್ಬನೇ. ಮೊದಲ ದಿನ ಟೇಬಲ್ ಮೇಲೆ ಹವಾಮಾನದ ಪುಸ್ತಕ, ಸ್ಕೇಲು, ಗಾಳಿ, ದಿಕ್ಕಿನ ಲೆಕ್ಕಕ್ಕೆ ಕೈಯಲ್ಲೇ ತಿರುಗಿಸುವ ದುಂಡಗಿನ ಫ್ಲೈಟ್ ಕಂಪ್ಯೂಟರ್ ಹರಡಿಕೊಂಡು ಕೂತಿದ್ದೆ. ಕಾಕಾ ಬಂದು ನೋಡಿದರು. “ವಿಮಾನ ಹಾರ್ಸಾಕ ಇಷ್ಟ್ ಓದಬೇಕೇನ್ ತಮ್ಮಾ? ನಾ ಸ್ಟೇರಿಂಗ್ ಹಿಡದ್ರ ಆತು ಅಂತ ತಿಳಕೊಂಡಿದ್ದೆ” ಅಂದರು.

ಸುಮಾರು ಜನ ಹಾಗೇ ತಿಳಿದಿದ್ದಾರೆ, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕು. ಆಮೇಲೆ ದೇಶದ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳು: ನ್ಯಾವಿಗೇಶನ್, ಹವಾಮಾನ, ವಾಯುಯಾನದ ನಿಯಮಗಳು, ಟೆಕ್ನಿಕಲ್. ಪ್ರತಿಯೊಂದರಲ್ಲೂ ನೂರಕ್ಕೆ 70 ಬರಲೇಬೇಕು. ರೇಡಿಯೋದಲ್ಲಿ ಮಾತಾಡುವ ಲೈಸೆನ್ಸಿನ ಪರೀಕ್ಷೆ ಬೇರೆ. ವೈದ್ಯಕೀಯ ತಪಾಸಣೆ ಬೇರೆ. ಇದರ ಜೊತೆಗೆ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ನಿಮ್ಮದೇ ಆಗಿರಬೇಕು. ಹಾರಾಟಕ್ಕೆ ಹೋಗುವ ದುಡ್ಡು ಅರ್ಧ ಕೋಟಿಯ ಹತ್ತಿರ ಬರುತ್ತದೆ. ನಮ್ಮದು ತಿಕೋಟಾ ಕಡೆ ನಾಲ್ಕು ಎಕರೆ ದ್ರಾಕ್ಷಿ ತೋಟ. ಹಾರಾಟಕ್ಕೇ ಸಾಲ ಮಾಡಬೇಕಿತ್ತು. ಓದೋಕೂ ದೆಹಲಿಗೆ ಹೋಗಿ ಲಕ್ಷಗಟ್ಟಲೆ ಕೊಡುವ ಶಕ್ತಿ ಇರಲಿಲ್ಲ. ಹಾಗಾಗಿ 500 ರೂಪಾಯಿಯ ಈ ಸೀಟು.

ಈಗ ದೂರುಗಳು. ಮೂರನೇ ಹಾಲ್‌ನಲ್ಲಿ ಏಪ್ರಿಲ್, ಮೇ ತಿಂಗಳು ಕೂರಬೇಡಿ. ಕರೆಂಟ್ ಹೋದರೆ ಇನ್ವರ್ಟರ್ ಎರಡು ಗಂಟೆ ಎಳೆಯುತ್ತದೆ, ಅದೂ ಗೋಡೆ ಕಡೆಯ ಪಂಖಗಳಿಗೆ ಮಾತ್ರ. ಒಂದು ಮಧ್ಯಾಹ್ನ ಹೊರಗೆ 40 ಡಿಗ್ರಿ. ಸೆಕೆಗೆ ಓದು ತಲೆಗೆ ಹೋಗಲಿಲ್ಲ, ಸುಮ್ನೆ ಲೆಕ್ಕ ಹಾಕಿದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 1,950 ಅಡಿ ಎತ್ತರದಲ್ಲಿದೆ. ಪುಸ್ತಕದ ಮಾದರಿ ಲೆಕ್ಕದ ಪ್ರಕಾರ ಅಷ್ಟು ಎತ್ತರದಲ್ಲಿ 11 ಡಿಗ್ರಿ ಇರಬೇಕು. ಅದಕ್ಕಿಂತ ಒಂದೊಂದು ಡಿಗ್ರಿ ಹೆಚ್ಚಾದಾಗಲೂ ಗಾಳಿ ತೆಳ್ಳಗಾಗುತ್ತದೆ, ವಿಮಾನದ ಪಾಲಿಗೆ ಸುಮಾರು 120 ಅಡಿ ಮೇಲೆ ಹೋದ ಹಾಗೆ. ಇಲ್ಲಿ 29 ಡಿಗ್ರಿ ಹೆಚ್ಚು. ಊರಿನ ಎತ್ತರಕ್ಕೆ ಅದನ್ನೂ ಕೂಡಿದರೆ ಸುಮಾರು 5,400 ಅಡಿ! ಪಕ್ಕದ ಪಿಎಸ್ಐ ಹುಡುಗನಿಗೆ “ನಾವೀಗ ಊಟಿ ದಾರಿಯಲ್ಲಿ ಅರ್ಧಕ್ಕಿಂತ ಮೇಲಿದ್ದೇವೆ” ಅಂದೆ. ಅವನು ಕರ್ಚೀಫ್ ಹಿಂಡಿ ತೋರಿಸಿದ. ಬೇಸಿಗೆಯಲ್ಲಿ ವಿಮಾನ ಏಳಲು ರನ್‌ವೇ ಯಾಕೆ ಜಾಸ್ತಿ ಬೇಕು ಅನ್ನೋದನ್ನು ನಾನು ಆಮೇಲೆ ಯಾವತ್ತೂ ಮರೆಯಲಿಲ್ಲ. ಆದರೂ ಅದು ಪಂಖಕ್ಕೆ ಸಮಾಧಾನ ಅಲ್ಲ. ಕಾಕಾ, ಇನ್ನೊಂದು ಇನ್ವರ್ಟರ್ ತಗೊಳ್ರಿ.

ಕುಡಿಯುವ ನೀರು ಚೆನ್ನಾಗಿದೆ. ಶೌಚಾಲಯ ಬೆಳಗ್ಗೆ ಶುಚಿ, ಸಂಜೆ ಹೊತ್ತಿಗೆ ದೇವರೇ ಗತಿ. ಮೆಟ್ಟಿಲ ಮೇಲೆ ಫೋನಲ್ಲಿ ಮಾತಾಡುವವರನ್ನು ಕಾಕಾ ಬೈಯುತ್ತಾರೆ, ಆದರೆ ಅವರದೇ ಫೋನಿನ ರಿಂಗು ಎಲ್ಲರದಕ್ಕಿಂತ ಜೋರು.

ಇನ್ನೊಂದು ದೂರು ರೂಮಿನದೋ ನನ್ನದೋ ಗೊತ್ತಿಲ್ಲ. ದಿನಕ್ಕೆ ಹತ್ತು ಗಂಟೆ ಕೂತು, ನಡುವೆ ಎದುರಿನ ಗಾಡಿಯ ಮಿರ್ಚಿ, ಗಿರ್ಮಿಟ್ ತಿಂದು, ಮನೆಯಿಂದ ಅವ್ವ ಕಳಿಸಿದ ಶೇಂಗಾ ಹೋಳಿಗೆ ಮುಗಿಸಿ, ಒಂದು ವರ್ಷದಲ್ಲಿ 14 ಕಿಲೋ ಏರಿದ್ದೆ. ಬೆಂಗಳೂರಿನಲ್ಲಿ ಪೈಲಟ್‌ಗಳ ವೈದ್ಯಕೀಯ ತಪಾಸಣೆಗೆ, ಅಂದರೆ ಕ್ಲಾಸ್ ಒನ್ ಮೆಡಿಕಲ್‌ಗೆ, ಹೋದರೆ ತೂಕದ ಕಾರಣಕ್ಕೆ ‘ಸದ್ಯಕ್ಕೆ ಅನ್‌ಫಿಟ್’ ಅಂತ ಬರೆದರು. ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಕಾಕಾಗೆ ಹೇಳಿದೆ. “ನಮಗೂ ಕಣ್ಣ ತಪಾಸ್ ಮಾಡ್ತಿದ್ರು. ಅದಕ್ಯಾಕ ಅಳ್ತಿ, ಹೊಟ್ಟಿ ಇಳಸು” ಅಂದರು. ಮರುದಿನದಿಂದ ಬೆಳಗ್ಗೆ 5ಕ್ಕೆ ಬಾರಾಕಮಾನಿನವರೆಗೆ ನಡಿಗೆ. ಮೂರು ತಿಂಗಳಿಗೆ 9 ಕಿಲೋ ಇಳಿಯಿತು, ಪಾಸಾದೆ. ಗಿರ್ಮಿಟ್ ಗಾಡಿಯವನು ಇವತ್ತಿಗೂ ನನ್ನ ಮೇಲೆ ಸಿಟ್ಟಿನಲ್ಲಿದ್ದಾನೆ.

ಹವಾಮಾನ, ನಿಯಮ ಎರಡೂ ಮೊದಲ ಸಲಕ್ಕೇ ಪಾಸು. ಆಲಿಕಲ್ಲು ಬೀಳಿಸುವ ಮೋಡ ಹೇಗೆ ಕಟ್ಟುತ್ತದೆ ಅಂತ ದ್ರಾಕ್ಷಿ ಬೆಳೆಯುವವರ ಮಗನಿಗೆ ಪುಸ್ತಕ ಹೇಳಬೇಕಾಗಿಲ್ಲ. ನನ್ನನ್ನು ಕೆಡವಿದ್ದು ನ್ಯಾವಿಗೇಶನ್. ಮೊದಲ ಸಲ 64. ಎರಡನೇ ಸಲ 68. ಎರಡು ಅಂಕಕ್ಕೆ ಮತ್ತೆ ಮೂರು ತಿಂಗಳು ಕಾಯಬೇಕು. ಆ ವಾರ ನಾನು ಸೀಟಿಗೆ ಹೋಗಲೇ ಇಲ್ಲ, ಊರಿಗೆ ಹೋಗಿ ಒಣದ್ರಾಕ್ಷಿ ಶೆಡ್‌ನಲ್ಲಿ ಅಪ್ಪನ ಜೊತೆ ಕೆಲಸಕ್ಕೆ ನಿಂತೆ. ಶೆಡ್ಡಿನ ಯಾವ ಬದಿಗೆ ಪರದೆ ಇಳಿಸಬೇಕು ಅಂತ ಅಪ್ಪ ಗಾಳಿ ನೋಡಿ ಹೇಳುತ್ತಿದ್ದರು. “ಮೂಡಗಾಳಿ ಬಿಟ್ಟೈತಿ, ಈ ಕಡೆ ಇಳಸು.” ನಾನು ಪಶ್ಚಿಮದ ಪರದೆ ಇಳಿಸಿದೆ. “ಮೂಡಗಾಳಿ ಅಂದ್ರ ಮೂಡ್ಲಿಂದ ಬರೂದಲೇ, ಹುಚ್ಚಾ! ಅತ್ತ ಹೋಗೂದಲ್ಲ.”

ನಿಂತಲ್ಲೇ ನಿಂತೆ. ವಿಮಾನಯಾನದಲ್ಲೂ ಗಾಳಿಯ ದಿಕ್ಕು ಅಂದರೆ ಅದು ಬರುವ ದಿಕ್ಕು. ಫ್ಲೈಟ್ ಕಂಪ್ಯೂಟರ್ ಮೇಲೆ ಅವಸರದಲ್ಲಿ ಗುರುತು ಹಾಕುವಾಗ ನಾನು ಹತ್ತರಲ್ಲಿ ಮೂರು ಸಲ ಉಲ್ಟಾ ಹಾಕುತ್ತಿದ್ದೆ. ವಿಮಾನ ಎಡಕ್ಕೆ ಸರಿಯಬೇಕಾದ ಕಡೆ ನನ್ನ ಲೆಕ್ಕದಲ್ಲಿ ಬಲಕ್ಕೆ ಸರಿಯುತ್ತಿತ್ತು. ಮರುದಿನವೇ 23ನೇ ಸೀಟಿಗೆ ವಾಪಸ್. ದಿನಾ ವಿಜಯಪುರದಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಲೆಕ್ಕ ಹಾಕುತ್ತಿದ್ದೆ. ನೇರ ದೂರ ಸುಮಾರು 85 ನಾಟಿಕಲ್ ಮೈಲಿ, ಅಂದರೆ 160 ಕಿಲೋಮೀಟರ್ ಒಳಗೇ. ಒಂದು ದಿನ ಮೂಡಗಾಳಿ, ಒಂದು ದಿನ ಪಡುಗಾಳಿ. 60 ಮೈಲಿ ಹೋಗುವಷ್ಟರಲ್ಲಿ ಒಂದು ಮೈಲಿ ಪಕ್ಕಕ್ಕೆ ಸರಿದಿದ್ದರೆ ದಿಕ್ಕು ಒಂದು ಡಿಗ್ರಿ ತಪ್ಪಿದೆ ಅಂತ ಅರ್ಥ. ಕಾಕಾ ಇದನ್ನು ಕೇಳಿ, “ನಮ್ಮ ಗಾಡಿ ಬೆಳಗಾವಿಗೆ 200 ಕಿಲೋಮೀಟರ್ ಹತ್ರ ಆಗತಿತ್ತು. ಜಮಖಂಡಿ, ಮುಧೋಳದಾಗ ಚಾ ಕುಡೀಬೇಕಲ್ಲ” ಅಂದರು. ಮೂರನೇ ಸಲ 79 ಬಂತು.

ರೇಡಿಯೋ ಪರೀಕ್ಷೆಗೆ ಮಾತ್ರ ರೀಡಿಂಗ್ ರೂಮ್ ಉಪಯೋಗವಿಲ್ಲ, ಇದನ್ನು ನೇರವಾಗಿ ಹೇಳಿಬಿಡಬೇಕು. ಅದು ಬಾಯಿಬಿಟ್ಟು ಕಲಿಯುವ ವಿದ್ಯೆ, ಇಲ್ಲಿ ಕೆಮ್ಮಿದರೂ ನಾಲ್ಕು ತಲೆ ತಿರುಗುತ್ತವೆ. ಮೊದಲ ಸಲ ಮಾತಿನ ಭಾಗದಲ್ಲೇ ಫೇಲಾದೆ. ಆಮೇಲೆ ಕಾಕಾ ಮಾಳಿಗೆಯ ಬೀಗದ ಕೈ ಕೊಟ್ಟರು. ನೀರಿನ ಟಾಕಿಯ ಪಕ್ಕ ನಿಂತು, ಗೋಳಗುಮ್ಮಟದ ಕಡೆ ಮುಖ ಮಾಡಿ, “ಮೇಡೇ, ಮೇಡೇ, ಮೇಡೇ” ಅಂತ ಶುರು ಮಾಡಿದರೆ ಪಕ್ಕದ ಮನೆಯ ಅಜ್ಜಿ ಓಡಿ ಬಂದು, “ಯಾರಿಗೇನಾತೋ ಯಪ್ಪಾ?” ಅಂತ ಕೇಳಿದರು. ಇಂಜಿನ್ ಬಂದ್ ಆಗಿದೆ ಅಂದೆ. “ಮೆಕ್ಯಾನಿಕನ್ನ ಕರೀರಿ, ಒದರಿದ್ರ ಏನ್ ಬಂತು” ಅಂದರು.

ಹಾರಾಟದ ಕಥೆ ಇಲ್ಲಿ ಉದ್ದ ಮಾಡುವುದಿಲ್ಲ. 2018ರ ಕೊನೆಗೆ ಹೊರರಾಜ್ಯದ ಒಂದು ತರಬೇತಿ ಶಾಲೆಗೆ ಸೇರಿದೆ. ಹುಡುಗರು ಜಾಸ್ತಿ, ಹಾರುವ ಸ್ಥಿತಿಯಲ್ಲಿದ್ದ ವಿಮಾನ ಕಡಿಮೆ. ಕೆಲವು ತಿಂಗಳು ಆರು ಗಂಟೆ ಸಿಕ್ಕರೆ ಅದೇ ಹಬ್ಬ. ನಡುವೆ ಅಪ್ಪನ ದ್ರಾಕ್ಷಿಗೆ ಆಲಿಕಲ್ಲು ಬಿತ್ತು, ಕಂತು ನಿಂತಿತು. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳೇ ನಿಂತವು, ಹೊಸ ಪೈಲಟ್‌ಗಳನ್ನು ಕೇಳುವವರೇ ಇಲ್ಲ. ನಾನು 118 ಗಂಟೆಯ ಲಾಗ್‌ಬುಕ್ ಹಿಡಿದುಕೊಂಡು ಊರಿಗೆ ಬಂದೆ. ಊರಲ್ಲಿ ಒಬ್ಬೊಬ್ಬರೂ “ಹೆಂಗೈತಿ ನಿಮ್ಮ ವಿಮಾನ?” ಅಂತ ಕೇಳೋರು. ಲಾರಿ ಕೊಂಡವನನ್ನು ಕೇಳುವ ಹಾಗೆ.

ಆ ವರ್ಷ ರೂಮ್ ಮತ್ತೆ ತೆರೆದಾಗ ಸುಮ್ನೆ ನೋಡಿ ಬರೋಣ ಅಂತ ಹೋದೆ. ಕಾಕಾ ಹಾಜರಿ ಪುಸ್ತಕ ತೆಗೆದರು. ಡಿಪೋದಲ್ಲಿ ಇಡುತ್ತಿದ್ದ ಹಾಗೇ ಗೆರೆ ಹೊಡೆದು ಇಟ್ಟ ಪುಸ್ತಕ. ನಾನು ಹೋದ ಮೇಲೆ ಪ್ರತಿ ತಿಂಗಳೂ ನನ್ನ ಹೆಸರು ಬರೆದು, ಮುಂದೆ ‘ರಜಾ’ ಅಂತ ಹಾಕಿದ್ದರು. ಸೀಟಿನಲ್ಲಿ ಬೇರೆಯವರು ಕೂತಿದ್ದರು, ದುಡ್ಡೂ ಕೊಟ್ಟಿದ್ದರು. ಹೆಸರನ್ನು ಮಾತ್ರ ಹೊಡೆದು ಹಾಕಿರಲಿಲ್ಲ. “ರಜಾ ಮುಗೀತೇನು?” ಅಂತ ಕೇಳಿದರು. ನಾಲ್ಕು ತಿಂಗಳು ಫೀ ತಗೊಳ್ಳಲಿಲ್ಲ. ವೇಟಿಂಗ್ ಲಿಸ್ಟಿನಲ್ಲಿದ್ದ ಒಬ್ಬ ಇದು ಪಕ್ಷಪಾತ ಅಂತ ಜಗಳ ತೆಗೆದ. ಅವನು ಹೇಳಿದ್ದೂ ಸುಳ್ಳಲ್ಲ.

ಉಳಿದ ಗಂಟೆಗಳು 2022ರಲ್ಲಿ ಮುಗಿದವು, ಲೈಸೆನ್ಸ್ ಬಂತು. ಲೈಸೆನ್ಸ್ ಬಂದರೆ ಕೆಲಸ ಬಂತು ಅಂತಲ್ಲ. ವಿಮಾನ ಸಂಸ್ಥೆಗಳ ಲಿಖಿತ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ ಇರುತ್ತವೆ. ಎರಡು ಕಡೆ ಬೇಡ ಅಂದರು. ಮೂರನೆಯದಕ್ಕೆ ಓದಿದ್ದೂ ಇದೇ ತಗಡಿನ ಕೆಳಗೆ. ಈಗ ಎಟಿಆರ್ ಅನ್ನೋ ಸಣ್ಣ ಪ್ರಯಾಣಿಕ ವಿಮಾನದಲ್ಲಿ ಕೋ-ಪೈಲಟ್. ಎರಡು ಪಂಖದ ವಿಮಾನ ಅಂತ ಕಾಕಾಗೆ ಹೇಳಿದಾಗ, “ಒಂದ್ ಪಂಖಾ ಬಂದ್ ಆದ್ರ?” ಅಂದರು. ಇನ್ನೊಂದರ ಮೇಲೆ ಇಳಿಸುತ್ತೇವೆ, ಅದನ್ನೇ ಮತ್ತೆ ಮತ್ತೆ ಕಲಿಸುತ್ತಾರೆ ಅಂದೆ. ಮೂರನೇ ಹಾಲ್‌ನ ಪಂಖಗಳ ಕಡೆ ನೋಡಿ ಏನೋ ಲೆಕ್ಕ ಹಾಕಿದರು, ಇನ್ವರ್ಟರ್ ಮಾತ್ರ ತರಲಿಲ್ಲ.

ಹೋಗುವವರಿಗೆ: ತಿಂಗಳ 1ನೇ ತಾರೀಕು ಬೆಳಗ್ಗೆಯೇ ಹೋಗಿ, ಮಧ್ಯಾಹ್ನದೊಳಗೆ ಸೀಟು ತುಂಬುತ್ತವೆ. ಮೊದಲ ಮಹಡಿಯ ಕಿಟಕಿ ಬದಿ ಕೇಳಿ. ಜೋರಾಗಿ ಓದಬೇಕಾದರೆ ಮಾಳಿಗೆಯ ಬೀಗದ ಕೈ ಕೇಳಿ, ಆದರೆ ಸಂಜೆ ಆರರ ಒಳಗೆ ಮುಗಿಸಿ, ಅಜ್ಜಿಯ ಸೀರಿಯಲ್ ಶುರುವಾಗುತ್ತದೆ. 23ನೇ ಸೀಟು ಮಾತ್ರ ತಗೋಬೇಡಿ. ಅದರ ಕುರ್ಚಿ ಎಡಕ್ಕೆ ವಾಲುತ್ತದೆ, 2017ರಿಂದ ಹೇಳುತ್ತಾ ಇದ್ದೇನೆ.